ತಟ್ಟೆರಾಯರು

ಮೈಸೂರಿನ ಸರಸ್ವತೀಪುರದಲ್ಲಿ, ನಮ್ಮ ಬೀದಿಯಲ್ಲಿಯೇ ಎರಡು ಮನೆ ದಾಟಿ ವಾಸವಾಗಿರುವ ರಾಯರ ಗೃಹದಲ್ಲಿ, ಕಳೆದ ಇಪ್ಪತ್ತು ವರ್ಷಗಳಲ್ಲಿ ನಾನು ನೋಡಲು ಆರಂಭಿಸಿದ ಚಲನಚಿತ್ರಗಳು ಅರುವತ್ತಕ್ಕೆ ಕಡಮೆಯಿಲ್ಲ. ನೋಡಿ ಮುಗಿಸಿದವು ನಾಲ್ಕು. ಈ ಎರಡು ಸಂಖ್ಯೆಗಳ ನಡುವಣ ಅಂತರಕ್ಕೆ ವಿದ್ಯುಚ್ಛಕ್ತಿಯ ವ್ಯತ್ಯಯವೂ ನನ್ನ ನಿದ್ರೆಯೂ ಅಲ್ಪಸ್ವಲ್ಪ ಕಾರಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಖ್ಯ ಕಾರಣ ಸಾಕ್ಷಾತ್ ರಾಯರೇ.

ರಾಯರು ಖಜಾನೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಬೀಗ, ಬೀಗದಕೈ, ಮುದ್ರೆ, ರಿಜಿಸ್ಟರು, ಇವುಗಳ ಮೇಲಣ ಭಕ್ತಿ ನಿವೃತ್ತಿವೇತನದೊಡನೆಯೇ ಅವರ ಹಿಂದೆ ಮನೆಗೆ ಬಂದಿತು. ಕಾಯುವುದಕ್ಕೆ ಸರಕಾರದ ಹಣವಿಲ್ಲದೆ ಹೋದುದರಿಂದ ಅವರು ಸಿನಿಮಾ ಬಿಲ್ಲೆಗಳನ್ನು ಕಾಯತೊಡಗಿದರು. ‘ತಟ್ಟೆರಾಯರು’ ಎಂಬ ಅಭಿಧಾನ ಅವರ ಮನೆಯಾಕೆಯ ದಾನ. “ನಮ್ಮನೇಲಿ ಊಟದ ತಟ್ಟೆ ಎಂಟು, ಇವರ ತಟ್ಟೆ ಎರಡು ಸಾವಿರ, ಎಂಟನ್ನು ನಾನು ತೊಳೀತೀನಿ, ಎರಡು ಸಾವಿರವನ್ನ ಇವರು ಒರಸ್ತಾರೆ” ಎಂದು ಆಕೆ ಒಮ್ಮೆ ನನ್ನ ಹೆಂಡತಿಯೊಡನೆ ಆಡಿದ ಮಾತು ಸಂಜೆಯ ಹೊತ್ತಿಗೆ ಬೀದಿಯ ಮಾತಾಗಿತ್ತು, ಅದು ಹೇಗೆ ಹಬ್ಬಿತೆಂಬುದನ್ನು ನಾನಿಲ್ಲಿ ವಿಚಾರಿಸಲಾರೆ.

ಸಂಗ್ರಹವ್ಯಸನಿಗಳು ಲೋಕದಲ್ಲಿ ಬಹುವಿಧ. ಅಂಚೆಚೀಟಿ ಕೂಡಿಸುವವನಾಗಲಿ ಹಳೆಯ ನಾಣ್ಯ ಕೂಡಿಸುವವನಾಗಲಿ ಅತಿಥಿಯಿಂದ ಬೇಡುವುದು ಹೆಚ್ಚೆಂದರೆ ಕಾಲುಗಂಟೆಯನ್ನೂ ಎರಡು ‘ಅಬ್ಬಾ’ಗಳನ್ನೂ. ಪುಸ್ತಕ ಕೂಡಿಸುವವನಂತೂ ತಾನೇ ಓದಿರುವುದಿಲ್ಲವಾದ್ದರಿಂದ ನಿಮ್ಮನ್ನು ಓದೆಂದು ಪೀಡಿಸುವ ಧೈರ್ಯ ಅವನಿಗಿಲ್ಲ. ಚಲನಚಿತ್ರದ ತಟ್ಟೆಗಳನ್ನು ಕೂಡಿಸುವವನು ಹಾಗಲ್ಲ. ಅವನಿಗೆ ನಿಮ್ಮ ಮೂರು ಗಂಟೆ ಬೇಕು, ನಿಮ್ಮ ಬೆನ್ನುಮೂಳೆ ಬೇಕು, ಮಾರನೆಯ ದಿನ ಬೀದಿಯಲ್ಲಿ ಎದುರಾದಾಗ ಛಾಯಾಗ್ರಹಣದ ವಿಚಾರವಾಗಿ ನಿಮ್ಮ ಅಭಿಪ್ರಾಯವೂ ಬೇಕು.

ರಾಯರ ತಟ್ಟೆಗಳು ವಾಸಿಸುವುದು ಅವರ ತಂದೆಯವರ ಕಾಲದ ಬೀಟೆಮರದ ಬೀರುವಿನಲ್ಲಿ. ಒಂದು ತಟ್ಟೆಯನ್ನು ಹೊರತೆಗೆಯಬೇಕಾದರೆ ಅವರು ಮೊದಲು ಕೈ ತೊಳೆದು ಬರುತ್ತಾರೆ. ಬಳಿಕ ತೋರುಬೆರಳನ್ನು ನಡುವಣ ರಂಧ್ರದಲ್ಲಿಟ್ಟು, ಹೆಬ್ಬೆರಳಿನಿಂದ ಅಂಚನ್ನು ಮಾತ್ರ ಸ್ಪರ್ಶಿಸಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನಾನು ಒಮ್ಮೆ ಸಹಾಯಬುದ್ಧಿಯಿಂದ ಒಂದು ತಟ್ಟೆಯನ್ನು ಕರವಸ್ತ್ರದಿಂದ ಸುತ್ತಿ ಸುತ್ತಿ ಒರಸಿದೆ. “ಮೇಷ್ಟ್ರೇ, ಅದೇನು ದೋಸೆ ಹುಯ್ಯೋ ಕೆಲಸವೇ?” ಎಂದು ಕೂಗಿ ಕಿತ್ತುಕೊಂಡ ರಾಯರು ಅಂದು ಬೋಧಿಸಿದ ತತ್ತ್ವ ಇಂದಿಗೂ ಕಂಠಸ್ಥವಾಗಿದೆ. ತಟ್ಟೆಯ ಮೇಲಣ ಲಿಪಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತದೆ, ಡಿ.ವಿ.ಡಿ.ಯ ಒಂದೇ ಪದರದ ಸುರುಳಿಯನ್ನು ಬಿಚ್ಚಿ ಹಾಸಿದರೆ ಸುಮಾರು 12 ಕಿಲೋಮೀಟರು, ಅಂದರೆ ನಮ್ಮ ಬೀದಿಯಿಂದ ಹೊರಟು ಚಾಮುಂಡಿ ಬೆಟ್ಟವನ್ನೇರಿ ಗುಡಿಯ ಸಮೀಪಕ್ಕೆ ಹೋದಷ್ಟು ದಾರಿ. ಸುರುಳಿಗೆ ಅಡ್ಡಲಾಗಿ ಬಿದ್ದ ಗೀಟನ್ನು ಯಂತ್ರ ಹೇಗೋ ಊಹಿಸಿ ತುಂಬಿಕೊಳ್ಳಬಲ್ಲದು, ಸುರುಳಿಯ ಗುಂಟ ಬಿದ್ದ ಗೀಟನ್ನು ಬ್ರಹ್ಮನೂ ತುಂಬಲಾರ. ಆದಕಾರಣ ನಡುವಿನಿಂದ ಅಂಚಿಗೆ ನೇರವಾಗಿ, ಒಗೆದು ಮೆತ್ತಗಾದ ಪಂಚೆಯ ತುಂಡಿನಿಂದ, ಉಸಿರು ಬಿಗಿಹಿಡಿದು ಒರಸತಕ್ಕದ್ದು. ಈ ಬೋಧೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, ಆ ದಿನದ ಚಿತ್ರ ‘ಆರಂಭಿಸಿದವು’ ಎಂಬ ಲೆಕ್ಕಕ್ಕೂ ಸೇರದೆ ಹೋಯಿತು.

ಇನ್ನು ತಟ್ಟೆಗಳ ವರ್ಣಾಶ್ರಮದ ವಿಚಾರ. ವಿ.ಸಿ.ಡಿ.ಯ ತಟ್ಟೆಯಲ್ಲಿ 74 ನಿಮಿಷದ ಚಿತ್ರ ಹಿಡಿಯುತ್ತಿದ್ದುದರಿಂದ ನಮ್ಮ ಕನ್ನಡ ಚಿತ್ರಗಳು ಎರಡೋ ಮೂರೋ ತಟ್ಟೆಗಳಾಗಿ ಬರುತ್ತಿದ್ದವು. ಅನಂತರ 4.7 ಗಿಗಾಬೈಟಿನ ಡಿ.ವಿ.ಡಿ. ಬಂದಿತು, ಅದರ ತರುವಾಯ ಪದರವೊಂದಕ್ಕೆ 25 ಗಿಗಾಬೈಟಿನ ಬ್ಲೂ-ರೇ ಬಂದಿತು. ಒಂದೊಂದು ಅವತಾರದಲ್ಲಿಯೂ ಅದೇ ಚಿತ್ರವನ್ನು ರಾಯರು ಮರಳಿ ಕೊಂಡರು. “ಗಾತ್ರ ಮೂರಕ್ಕೂ ಒಂದೇ, 12 ಸೆಂಟಿಮೀಟರು, ಒಳಗಿರೋದು ಬೇರೆ” ಎಂದು ಅವರು ವಿವರಿಸಿದರೆ, “ನಿಮ್ಮ ಪೆನ್ಷನ್ನಿನ ಗಾತ್ರವೂ ಒಂದೇ” ಎಂದು ಒಳಮನೆಯಿಂದ ಉತ್ತರ ಬರುತ್ತಿತ್ತು. ಬ್ಲೂ-ರೇಗೆ ಪ್ರತಿಸ್ಪರ್ಧಿಯಾಗಿದ್ದ ಎಚ್.ಡಿ. ಡಿ.ವಿ.ಡಿ. ಎಂಬ ಪದ್ಧತಿಯೇ ಗೆಲ್ಲುವುದೆಂದು ಗಣಿಸಿ ಅವರು ಅಮೆರಿಕದಲ್ಲಿರುವ ಅಳಿಯನಿಂದ ಅದರ ಯಂತ್ರವನ್ನು ತರಿಸಿದ ಕೆಲವೇ ವಾರಗಳಲ್ಲಿ, 2008ರ ಫೆಬ್ರವರಿಯಲ್ಲಿ, ಅದರ ತಯಾರಕರು ಸೋಲೊಪ್ಪಿಕೊಂಡರು. ಆ ಯಂತ್ರದ ಮೇಲೆ ಈಗ ತುಳಸೀಕಟ್ಟೆಯ ದೀಪದ ಎಣ್ಣೆಯ ಡಬ್ಬಿ ಇರುತ್ತದೆ. ಅಳಿಯ ತಂದ ಅಮೆರಿಕದ ತಟ್ಟೆಗಳದು ಬೇರೊಂದು ಕಥೆ. ಡಿ.ವಿ.ಡಿ.ಗಳ ಭೂಗೋಳದಲ್ಲಿ ಅಮೆರಿಕ 1ನೆಯ ಪ್ರಾಂತ, ಭಾರತ 5ನೆಯದು. ಅಲ್ಲಿನ ತಟ್ಟೆ ಇಲ್ಲಿನ ಯಂತ್ರಕ್ಕೆ ಅನ್ಯಗೋತ್ರ. ಗಣಕಯಂತ್ರದ ಡ್ರೈವಿನಲ್ಲಿ ಪ್ರಾಂತವನ್ನು ಬದಲಿಸಬಹುದಾದರೂ ಐದು ಸಲ ಮಾತ್ರ. ಐದನೆಯ ಸಲ ಎಲ್ಲಿ ನಿಂತಿತೋ ಅದೇ ಅದರ ಕಡೆಯ ಮನೆ. ರಾಯರು ನಾಲ್ಕನ್ನು ವ್ಯಯಮಾಡಿ, ಐದನೆಯದನ್ನು ಕರ್ಣನು ಶಕ್ತ್ಯಾಯುಧವನ್ನು ಕಾದಿರಿಸಿದಂತೆ ಕಾದಿರಿಸಿಕೊಂಡಿದ್ದಾರೆ.

ಇವೆಲ್ಲವನ್ನೂ ನಾನು ಸಹಿಸಿದ್ದೇನೆ. ಸಹಿಸಲಾಗದೆ ಇಂದಿಗೂ ಮನಸ್ಸಿನಲ್ಲಿ ಮುಳ್ಳಾಡುತ್ತಿರುವುದು ‘ಲಾರೆನ್ಸ್ ಆಫ್ ಅರೇಬಿಯ’ದ ಸಂಜೆ.

ಅಂದು ತುಮಕೂರಿನಿಂದ ನನ್ನ ಷಡ್ಡಕರು ಬಂದಿದ್ದರು. ವಿದ್ಯುತ್ ಮಂಡಲಿಯಲ್ಲಿ ಮೂವತ್ತು ವರ್ಷ ದುಡಿದ, ಮಾತು ಕಡಮೆಯಾದ, ಕಾರ್ಯಶೂರರಾದ ಮನುಷ್ಯರು. ಅತಿಥಿ ಬಂದಿರುವ ಸುದ್ದಿ ತಿಳಿದ ಕೂಡಲೆ ರಾಯರು, 1962ರ ಆ ಮಹಾಚಿತ್ರವನ್ನು ತೋರಿಸಿಯೇ ಕಳುಹಿಸತಕ್ಕದ್ದೆಂದು ನಿರ್ಧರಿಸಿ, ಆರು ಗಂಟೆಗೆ ಸಕುಟುಂಬವಾಗಿ ಬರಹೇಳಿದರು. ಬೀರು ತೆರೆದು, ಕೈ ತೊಳೆದು, ತಟ್ಟೆ ಒರಸಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ದೀಪಗಳನ್ನೆಲ್ಲ ಆರಿಸುವ ಹೊತ್ತಿಗೆ ಏಳು ದಾಟಿತ್ತು. ಯಂತ್ರ ತಟ್ಟೆಯನ್ನು ನುಂಗಿತು. ಗಂಭೀರವಾದ ವಾದ್ಯಘೋಷ ಮೊಳಗಿತು. ತೆರೆಯ ಮೇಲೆ ಮಾತ್ರ ಏನೂ ಇಲ್ಲ, ಕಗ್ಗತ್ತಲು.

ಒಂದು ನಿಮಿಷವಾಯಿತು, ಎರಡಾಯಿತು. ನನ್ನ ಹೆಂಡತಿ ನನ್ನ ಮೊಣಕೈಯನ್ನು ತಿವಿದಳು. ಷಡ್ಡಕರು ಎರಡು ಸಲ ಕೆಮ್ಮಿದರು. ಈ ಚಿತ್ರಕ್ಕೆ ನಾಂದೀವಾದ್ಯವೊಂದುಂಟು, ಅದು ನಾಲ್ಕು ನಿಮಿಷಕ್ಕೂ ಮೀರಿ ಬರಿಯ ಕತ್ತಲೆಯ ಮೇಲೆಯೇ ನುಡಿಯುತ್ತದೆ, ಚಿತ್ರಮಂದಿರದಲ್ಲಿ ಜನ ಬಂದು ಕುಳಿತುಕೊಳ್ಳುವ ಹೊತ್ತಿಗಾಗಿ ರಚಿತವಾದುದು ಅದು, ಎಂಬ ಸಂಗತಿಯನ್ನು ರಾಯರು ಮೊದಲೇ ತಿಳಿಸಬಹುದಾಗಿತ್ತು. ಆದರೆ ಅನಾವಶ್ಯಕವಾದುದನ್ನೆಲ್ಲ ಗಂಟೆಗಟ್ಟಲೆ ವಿವರಿಸುವ ಆ ಪುಣ್ಯಾತ್ಮರು ಆವಶ್ಯಕವಾದ ಈ ಒಂದು ವಿಷಯದಲ್ಲಿ, ಕಣ್ಣು ಮುಚ್ಚಿ ತಲೆದೂಗುತ್ತ, ಮೌನವಾಗಿದ್ದರು. ಅಷ್ಟರಲ್ಲಿ ಪಕ್ಕದ ಕುರ್ಚಿ ಬರಿದಾಗಿರುವುದು ನನ್ನ ಕೈಗೆ ತಿಳಿಯಿತು. ಮರುಕ್ಷಣದಲ್ಲಿ ವಾದ್ಯಘೋಷವೂ ನಿಂತಿತು, ಫ್ಯಾನೂ ನಿಂತಿತು, ಒಳಮನೆಯ ಮಿಕ್ಸಿಯೂ ನಿಂತಿತು. ಪಡಸಾಲೆಯ ಮೂಲೆಯಿಂದ ಷಡ್ಡಕರ ಶಾಂತವಾದ ಧ್ವನಿ ಕೇಳಿಸಿತು: “ಮೇನ್ ಸ್ವಿಚ್ ತೆಗೆದಿದೀನಿ, ಯಾರೂ ಗಾಬರಿಯಾಗಬೇಡಿ. ಫ್ಯೂಸ್ ನೋಡಿಬಿಡ್ತೀನಿ.”

ಮುಂದಿನದನ್ನು ಸಂಕ್ಷೇಪಿಸುತ್ತೇನೆ. ನಾಂದಿಗೆ ಭಂಗ ಬಂದುದರಿಂದ ರಾಯರು ಅದನ್ನು ಮೊದಲಿನಿಂದ ಮತ್ತೆ ನುಡಿಸಿದರು. ಕಡೆಗೊಮ್ಮೆ ತೆರೆಯ ಮೇಲೆ ಬೆಳಕು ಮೂಡಿದಾಗ ಚಿತ್ರದ ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಇರುವುದನ್ನು ಕಂಡು ಷಡ್ಡಕರು, ಇಷ್ಟು ದೊಡ್ಡ ಟಿ.ವಿ. ಕೊಂಡು ಅರ್ಧದಲ್ಲೇಕೆ ನೋಡಬೇಕೆಂದು ಕೇಳಿಬಿಟ್ಟರು. ಚಿತ್ರವನ್ನು ತಡೆದು ನಿಲ್ಲಿಸಿದ ರಾಯರು ಎದ್ದು ನಿಂತರು. ಎತ್ತರ ಒಂದಾದರೆ ಅಗಲ 2.20 ಇರುವ ಪಟವನ್ನು ಟಿ.ವಿ.ಯ ಚೌಕಕ್ಕೆ ಹೊಂದಿಸಲು ಹಿಂದೆ ಎರಡು ಪಕ್ಕಗಳನ್ನೂ ಕತ್ತರಿಸುತ್ತಿದ್ದರೆಂದೂ, ಎದುರುಬದುರು ನಿಂತು ಮಾತನಾಡುವ ಇಬ್ಬರಲ್ಲಿ ಎರಡು ಮೂಗುಗಳು ಮಾತ್ರ ಉಳಿಯುತ್ತಿದ್ದುವೆಂದೂ, ಆ ಕಪ್ಪು ಪಟ್ಟಿಗಳು ನಷ್ಟವಲ್ಲ, ಲಾಭದ ಕುರುಹೆಂದೂ ಇಪ್ಪತ್ತು ನಿಮಿಷ ಉಪನ್ಯಾಸವಾಯಿತು. ಮತ್ತೆ ಚಿತ್ರ ಸಾಗಿತು. ನಾಯಕ ಮೋಟಾರು ಬೈಸಿಕಲ್ಲು ಏರಿದ, ವೇಗವಾಗಿ ಹೋದ, ಬಿದ್ದು ಸತ್ತ. ಷಡ್ಡಕರು ತೃಪ್ತಿಯಿಂದ ಪಂಚೆ ಕೊಡವಿ ಎದ್ದರು. “ಪಾಪ, ಮುಗೀತಲ್ಲ. ಚೆನ್ನಾಗಿತ್ತು ರಾಯರೇ. ಏಳಿ, ಏಳಿ” ಎಂದರು. ಚಿತ್ರ ಆರಂಭವಾಗುವುದೇ ಅಲ್ಲಿಂದ, ಇನ್ನೂ ಮೂರೂವರೆ ಗಂಟೆ ಉಳಿದಿದೆ, ಎಂದು ತಿಳಿದಾಗ ಅವರ ಮುಖದಲ್ಲಿ ಮೂಡಿದ ಭಾವವನ್ನು ಬಣ್ಣಿಸಲು ನನ್ನಲ್ಲಿ ಶಬ್ದಗಳಿಲ್ಲ. ಹೊರಡುವಾಗ ರಾಯರ ಮನೆಯಾಕೆ ಕುಂಕುಮ ಕೊಡುತ್ತ ನನ್ನ ಹೆಂಡತಿಗೆ ಮೆಲ್ಲನೆ ಹೇಳಿದರಂತೆ: “ಹೋಗ್ಲಿ ಬಿಡಿ, ಆ ಸಿನಿಮಾದಲ್ಲಿ ಹೆಂಗಸರಿಗೆ ಒಂದು ಮಾತೂ ಇಲ್ಲ. ನಮ್ಮನೆ ಹಾಗೇ.”

ತಟ್ಟೆಯನ್ನು ಕಡ ಕೊಡುವ ಪದ್ಧತಿ ರಾಯರಲ್ಲಿ ಇಲ್ಲವೇ ಇಲ್ಲ. ರಿಜಿಸ್ಟರಿನಲ್ಲಿ ಅದಕ್ಕೊಂದು ಅಂಕಣವುಂಟು. ಅದರಲ್ಲಿ ಒಂದೇ ಒಂದು ದಾಖಲೆಯುಂಟು. ಯಾರೋ ಬಂಧುಗಳು ಒಯ್ದ ಆ ತಟ್ಟೆ, ಮೂರು ತಿಂಗಳ ತರುವಾಯ, ಅವರ ಹಿತ್ತಿಲ ಸೀಬೆಮರದಲ್ಲಿ ಅಳಿಲನ್ನು ಬೆದರಿಸಲು ದಾರದಿಂದ ತೂಗಾಡುತ್ತಿರುವುದು ರಾಯರ ಕಣ್ಣಿಗೆ ಬಿತ್ತು. ಆ ಸಾಲಿನ ಮುಂದೆ ‘ವಸೂಲಾಗತಕ್ಕದ್ದಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ರುಜು ಹಾಕಿದ್ದಾರೆ.

ಇಂಥ ಮನುಷ್ಯನನ್ನು ದ್ವೇಷಿಸುವುದು ಸುಲಭವಾಗಬೇಕಿತ್ತು. ಆಗದಿರುವುದಕ್ಕೆ ಆ ಬೀರುವಿನ ಮೊದಲ ಅಂಕಣವೇ ಕಾರಣ. ಕನ್ನಡ ಚಿತ್ರಗಳನ್ನು ಅಲ್ಲಿ ಕಾಲಾನುಕ್ರಮವಾಗಿ ಜೋಡಿಸಿದೆ. ‘ಬೇಡರ ಕಣ್ಣಪ್ಪ’ಕ್ಕೂ ಬಹಳ ಹಿಂದೆ, ಎಲ್ಲಕ್ಕಿಂತ ಮೊದಲಿಗೆ, ‘ಸತಿ ಸುಲೋಚನಾ, 1934’ ಎಂದು ದುಂಡಾದ ಅಕ್ಷರದಲ್ಲಿ ಬರೆದ ಒಂದು ಡಬ್ಬಿಯಿದೆ. ಕನ್ನಡದ ಮೊತ್ತಮೊದಲ ವಾಕ್ಚಿತ್ರವನ್ನು ಕಾಣುವ ಭಾಗ್ಯ ಬಂದಿತೆಂದು ನಾನೊಮ್ಮೆ ಅವಸರದಿಂದ ಅದನ್ನು ತೆರೆದೆ. ಒಳಗೆ ಏನೂ ಇರಲಿಲ್ಲ. “ಪ್ರತಿ ಒಂದೂ ಉಳಿದಿಲ್ಲ, ಮೇಷ್ಟ್ರೇ,” ಎಂದರು ರಾಯರು. “ಸಿಕ್ಕರೆ ಅಂತ ಜಾಗ ಇಟ್ಟಿದೀನಿ.” ನಮ್ಮೂರಿನ ಶಾಂತಲಾ ಚಿತ್ರಮಂದಿರ 2020ರಲ್ಲಿ ಶಾಶ್ವತವಾಗಿ ಬಾಗಿಲು ಹಾಕಿದಾಗಲೂ ಅವರು ಒಂದು ವಾರ ಯಾರನ್ನೂ ಚಿತ್ರಕ್ಕೆ ಕರೆಯಲಿಲ್ಲ, ಅದು ಸೂತಕವೆಂಬುದು ನನಗೆ ತಡವಾಗಿ ತಿಳಿಯಿತು.

ಈಚೆಗೆ ನನ್ನ ಹೆಂಡತಿಗೆ ‘ಶರಪಂಜರ’ವನ್ನು ನೋಡಬೇಕೆನಿಸಿತು. ಮದುವೆಯಾದ ಹೊಸತರಲ್ಲಿ ನಾನು ಅವಳನ್ನು ಮೊತ್ತಮೊದಲು ಕರೆದುಕೊಂಡು ಹೋದ ಚಿತ್ರ ಅದು. ಗಂಡನ ದೆಸೆಯಿಂದ ಹೆಂಡತಿ ಹುಚ್ಚಿಯಾಗುವ ಕಥೆಯನ್ನು ನವವಧುವಿಗೆ ತೋರಿಸಿದ ನನ್ನ ಔಚಿತ್ಯಪ್ರಜ್ಞೆಯನ್ನು ಅವಳು ಇಂದಿಗೂ ಕ್ಷಮಿಸಿಲ್ಲ, ಆದರೂ ನೋಡಬೇಕೆಂದಳು. ಎಲ್ಲವೂ ಫೋನಿನಲ್ಲಿಯೇ ಸಿಗುತ್ತದೆಂದು ಮಗ ಹುಡುಕಿಕೊಟ್ಟ. ಸಿಕ್ಕಿದ್ದು ತುಂಡು ತುಂಡಾಗಿ. ಕಲ್ಪನಾ ಅವರ ಕಣ್ಣಿನಲ್ಲಿ ನೀರು ತುಂಬುವ ಹೊತ್ತಿಗೆ ಸರಿಯಾಗಿ ಸಾಬೂನಿನ ಜಾಹೀರಾತು. ಅವಳು ಫೋನನ್ನು ಮಗನ ಕೈಗೆ ಹಿಂದಿರುಗಿಸಿ ಅಡಿಗೆಮನೆಗೆ ಹೋದಳು. ನಾನು ಮಾನವನ್ನು ಬದಿಗಿಟ್ಟು ರಾಯರ ಮನೆಗೆ ಹೋದೆ.

ಆಶ್ಚರ್ಯವೆಂದರೆ ರಾಯರು ಮರುಮಾತಿಲ್ಲದೆ ಮೂರು ತಟ್ಟೆಗಳನ್ನೂ ತೆಗೆದು ನನ್ನ ಕೈಯಲ್ಲಿಟ್ಟರು. ರಿಜಿಸ್ಟರನ್ನೂ ತೆರೆಯಲಿಲ್ಲ. ಕಾಲವು ಎಂಥವರನ್ನೂ ಮೆತ್ತಗಾಗಿಸುತ್ತದೆಂದು ದಾರಿಯುದ್ದಕ್ಕೂ ಚಿಂತಿಸುತ್ತ ಮನೆಗೆ ಬಂದೆ. ನಮ್ಮ ಯಂತ್ರವನ್ನು ಸೊಸೆ ಎರಡು ವರ್ಷದ ಹಿಂದೆಯೇ ಹಳೆಯ ಪಾತ್ರೆಗಳೊಡನೆ ಗುಜರಿಯವನಿಗೆ ಹಾಕಿದ್ದಳು. ಮಗನ ಲ್ಯಾಪ್‌ಟಾಪಿನಲ್ಲಿ ತಟ್ಟೆಗೆ ಬಾಯಿಯೇ ಇಲ್ಲ. ಬೀದಿಯಲ್ಲಿ ವಿಚಾರಿಸಿದರೆ ಯಾರ ಮನೆಯಲ್ಲಿಯೂ ಇಲ್ಲ. ಮಾರನೆಯ ಸಂಜೆ ತಟ್ಟೆಗಳೊಡನೆ ಮರಳಿದಾಗ ರಾಯರ ಪಡಸಾಲೆಯ ಕಿಟಕಿಗಳಿಗೆ ಆಗಲೇ ಕಂಬಳಿ ಕಟ್ಟಿತ್ತು, ನಾಲ್ಕು ಕುರ್ಚಿಗಳು ಸಾಲಾಗಿದ್ದವು. “ಬರ್ತೀರಿ ಅಂತ ಗೊತ್ತಿತ್ತು” ಎಂದರು. “ನಿಮ್ಮಾಕೆಯನ್ನೂ ಕರ್ಕೊಂಡು ಬನ್ನಿ.”

ಅಂದು ಅವರು ಒಮ್ಮೆಯೂ ಚಿತ್ರವನ್ನು ನಿಲ್ಲಿಸಲಿಲ್ಲ. ಅದು ತಾನಾಗಿಯೇ ನಿಂತಿತು. ಮೂರನೆಯ ತಟ್ಟೆಯ ನಡುವೆ ಕಲ್ಪನಾ ಅವರ ಮುಖ ಚೌಕ ಚೌಕವಾಗಿ ಒಡೆದು, ನಡುಗಿ, ಹೆಪ್ಪುಗಟ್ಟಿತು. ರಾಯರು ತಟ್ಟೆಯನ್ನು ತೆಗೆದು ನಡುವಿನಿಂದ ಅಂಚಿಗೆ ಒರಸಿದರು, ಮತ್ತೆ ಹಾಕಿದರು, ಮತ್ತೆ ಒರಸಿದರು. ಬೆಳಕಿಗೆ ಹಿಡಿದು ನೋಡಿದಾಗ ಹೊರ ಅಂಚಿನ ಬಳಿ ಬೆಳ್ಳಿಯ ಲೇಪ ಸುಲಿದು ಸೂಜಿಮೊನೆಯಂಥ ರಂಧ್ರಗಳಾಗಿದ್ದುವು. ಬೀಗ ಹಾಕಿ, ರಿಜಿಸ್ಟರು ಇಟ್ಟು, ಯಾರಿಗೂ ಕೊಡದೆ ಕಾಯ್ದ ತಟ್ಟೆ ಬೀರುವಿನೊಳಗೆಯೇ ಸವೆದುಹೋಗಿತ್ತು. ಕತ್ತಲಲ್ಲಿ ಯಾರೂ ಮಾತನಾಡಲಿಲ್ಲ. ಆಮೇಲೆ ನನ್ನ ಹೆಂಡತಿ, ಕಥಾನಾಯಕಿ ಕಾವೇರಿ ಕೊನೆಯಲ್ಲಿ ಏನು ಮಾಡುತ್ತಾಳೆಂದು ಹೇಳತೊಡಗಿದಳು. ರಾಯರ ಮನೆಯಾಕೆ ನಡುವೆ ಬಾಯಿ ಹಾಕಿ, ಸೀರೆಯ ಬಣ್ಣ ಅದಲ್ಲವೆಂದು ತಿದ್ದಿದರು. ಇಬ್ಬರೂ ವಾದಿಸುತ್ತ, ನಡುನಡುವೆ ಕಣ್ಣೊರಸಿಕೊಳ್ಳುತ್ತ, ಉಳಿದ ಚಿತ್ರವನ್ನು ಮುಗಿಸಿಕೊಟ್ಟರು. ರಾಯರು ಪಂಚೆಯ ತುಂಡನ್ನು ಕೈಯಲ್ಲಿ ಹಿಡಿದೇ ಕೇಳುತ್ತಿದ್ದರು. ಈ ಚಿತ್ರವನ್ನು ‘ಮುಗಿಸಿದವು’ ಎಂಬ ಲೆಕ್ಕಕ್ಕೆ ಸೇರಿಸಿ ಐದಾಗಿಸಿದ್ದೇನೆ. ಖಜಾನೆಯ ನಿಯಮಕ್ಕೆ ಅದು ಒಪ್ಪಿಗೆಯಾಗದಿದ್ದರೆ ಚಿಂತೆಯಿಲ್ಲ.

ಬಾಗಿಲವರೆಗೆ ಬಂದ ರಾಯರು ಚಪ್ಪಲಿ ಮೆಟ್ಟುತ್ತಿದ್ದ ನನ್ನನ್ನು ತಡೆದು, ತುಸು ಸಂಕೋಚದಿಂದ, “ಬರೋ ಶನಿವಾರ ಲಾರೆನ್ಸ್ ಹಾಕೋಣವೇ, ಮೇಷ್ಟ್ರೇ? ಬೇಕಾದರೆ ಆ ಮೊದಲಿನ ವಾದ್ಯ ಬಿಟ್ಟುಬಿಡ್ತೀನಿ” ಎಂದರು. ಅವರ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ತ್ಯಾಗವನ್ನು ಅವರು ಮಾಡಿರಲಾರರು.

“ಬೇಡ ರಾಯರೇ, ವಾದ್ಯ ಇರಲಿ” ಎಂದೆ. “ನನ್ನ ಷಡ್ಡಕರಿಗೆ ಹೇಳಿ ಕಳುಹಿಸುವುದು ಮಾತ್ರ ಬೇಡ.”