ಟವೆಲ್ ಸಂಪ್ರದಾಯಸ್ಥರ ಸಿಡಿಮಿಡಿ: ಒಂದು ಬಹುಶಿಸ್ತೀಯ ಮುಖಾಮುಖಿ

ಪ್ರಸ್ತುತ ಪ್ರಬಂಧವು 2005ರ ಏಪ್ರಿಲ್ ಕೊನೆಯಲ್ಲಿ ತೆರೆಕಂಡ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಚಲನಚಿತ್ರವನ್ನು ನೋಡಿ ಹೊರಬಂದ ಅಭಿಮಾನಿಗಳ ಮುಖಭಾವವನ್ನೇ ಒಂದು ಸಂಕಥನವೆಂದು ಪರಿಭಾವಿಸಿ, ಅದರ ಒಳನೆಲೆಗಳನ್ನು ಹೊರನೆಲೆಗಳ ಮೂಲಕವೂ ಹೊರನೆಲೆಗಳನ್ನು ನೆಲೆಯಿಲ್ಲದೆಯೂ ಅನುಸಂಧಾನಿಸುವ ವಿನಮ್ರ ಪ್ರಯತ್ನವಾಗಿರುತ್ತದೆ. ‘ಚೆನ್ನಾಗಿಲ್ಲ’ ಎಂಬ ಉದ್ಗಾರವನ್ನು ಇಲ್ಲಿ ‘ನಿರಾಕರಣಾತ್ಮಕ ಸ್ವೀಕೃತಿ’ ಎಂದೂ ‘ಪರವಾಗಿಲ್ಲ’ ಎಂಬುದನ್ನು ‘ಸ್ವೀಕೃತ್ಯಾತ್ಮಕ ನಿರಾಕರಣೆ’ ಎಂದೂ ನಿರ್ವಚಿಸಲಾಗಿದೆ. ಹೀಗೆ ನಿರ್ವಚಿಸದಿದ್ದರೆ ವಿಚಾರ ಸಂಕಿರಣದ ಪ್ರಮಾಣಪತ್ರ ಕೈಗೆ ಬರುವುದಿಲ್ಲ ಎಂಬುದೇ ಈ ಅಧ್ಯಯನದ ಸೈದ್ಧಾಂತಿಕ ಚೌಕಟ್ಟು.

ಪೂರ್ವಾಧ್ಯಯನ ಸಮೀಕ್ಷೆ: ಡಗ್ಲಸ್ ಆಡಮ್ಸ್ ಎಂಬ ಇಂಗ್ಲಿಷ್ ಲೇಖಕನ ಈ ಕೃತಿ 1978ರ ಮಾರ್ಚ್ 8ರಂದು ಬಿಬಿಸಿ ರೇಡಿಯೊ 4ರಲ್ಲಿ ನಾಟಕವಾಗಿ ಹುಟ್ಟಿತು. 1979ರಲ್ಲಿ ಕಾದಂಬರಿಯಾಯಿತು, 1981ರಲ್ಲಿ ಟಿ.ವಿ. ಧಾರಾವಾಹಿ, 1984ರಲ್ಲಿ ಕಂಪ್ಯೂಟರ್ ಆಟ. ಕಾದಂಬರಿ ಬೆಳೆಬೆಳೆದು ಐದು ಸಂಪುಟಗಳ ‘ತ್ರಿವಳಿ’ಯಾಯಿತು, ಈ ಲೆಕ್ಕ ಲೇಖಕನದೇ, ಸಂಶೋಧಕನ ಹೊಣೆಯಲ್ಲ. ಕಥೆ ಇಷ್ಟು. ಆರ್ಥರ್ ಡೆಂಟ್ ಎಂಬವನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬುಲ್ಡೋಜರ್ ಬರುತ್ತದೆ. ಅದೇ ದಿನ ಇಡೀ ಭೂಮಿಯನ್ನು ಅಂತರಿಕ್ಷದ ಬೈಪಾಸಿಗಾಗಿ ಕೆಡವಲು ವೋಗನ್ನರೆಂಬ ಗುಮಾಸ್ತ ಕುಲದವರು ಬರುತ್ತಾರೆ. ಆರ್ಥರ್ ಡ್ರೆಸಿಂಗ್ ಗೌನಿನಲ್ಲೇ ಪಾರಾಗುತ್ತಾನೆ. ಮುಂದೆಲ್ಲೋ, ಬದುಕಿನ ಪರಮಪ್ರಶ್ನೆಯನ್ನು ಕುರಿತು 75 ಲಕ್ಷ ವರ್ಷ ಯೋಚಿಸಿದ ಕಂಪ್ಯೂಟರೊಂದು 42 ಎಂದು ಉತ್ತರ ಕೊಡುತ್ತದೆ. ನಮ್ಮ ಪೀಠಗಳಿಗೆ ಅಷ್ಟು ಕಾಲಾವಕಾಶ ಕೊಟ್ಟಿದ್ದರೆ ಉತ್ತರ ಬಾರದಿದ್ದರೂ ಮಧ್ಯಂತರ ವರದಿಯಂತೂ ಬರುತ್ತಿತ್ತು.

ವರ್ಗೀಕರಣ: ಅಭಿಮಾನಿಗಳಲ್ಲಿ ಮೊದಲನೆಯವರು ಶ್ರೌತರು. ಇವರು ರೇಡಿಯೊ ಕೇಳಿದವರು. ಕಿವಿಗೆ ಬಿದ್ದದ್ದೇ ಇವರಿಗೆ ಪ್ರಮಾಣ. ಕಥೆಯೊಳಗೆ ಮಾತಾಡುವ ‘ಗೈಡ್’ ಎಂಬ ಕೈಪಿಡಿಯ ದನಿ ಪೀಟರ್ ಜೋನ್ಸ್ ಅವರದು, ಅದು ಅಪೌರುಷೇಯ. ಸಿನಿಮಾದಲ್ಲಿ ಆ ದನಿಯಾದ ಸ್ಟೀಫನ್ ಫ್ರೈ ಆಡಮ್ಸ್‌ನ ಗೆಳೆಯರೇ ಆಗಿದ್ದರೂ ಸ್ವರಭಾರ ತಪ್ಪಿದ ಪುರೋಹಿತರು. ಝೇಫಾಡ್ ಎಂಬ ಎರಡು ತಲೆಯ ಪಾತ್ರದ ಎರಡನೆಯ ತಲೆಗೆ ರೇಡಿಯೊದಲ್ಲಿ ಒಂದು ವಾಕ್ಯದ ಖರ್ಚು ಮಾತ್ರ. ಅದನ್ನು ಕಣ್ಣಿಗೆ ತೋರಿಸಲು ಹೊರಟದ್ದೇ ಕಲಿಯ ಪ್ರವೇಶ.

ಎರಡನೆಯವರು ಸ್ಮಾರ್ತರು, ಪುಸ್ತಕ ಬಾಯಿಪಾಠ ಮಾಡಿದವರು. ಚಿತ್ರಮಂದಿರದಲ್ಲಿ ಇವರ ತುಟಿ ನಟನ ತುಟಿಗಿಂತ ಅರೆ ಕ್ಷಣ ಮುಂದಿರುತ್ತದೆ. ನಟ ಮಾತು ನುಂಗಿದರೆ ತುಟಿ ಮಾತ್ರ ಹೇಳಿ ಮುಗಿಸುತ್ತದೆ. ಇದನ್ನು ‘ಓಷ್ಠ್ಯ ಪಾಠಾಂತರ’ ಎನ್ನಬಹುದು.

ಮೂರನೆಯವರು ದಾರ್ಶನಿಕರು, 1981ರ ಟಿ.ವಿ. ಕಂಡವರು. ಇವರಿಗೆ ಬೇಜಾರಿನ ರೋಬೋ ಮಾರ್ವಿನ್ ಎಂದರೆ ಪೆಟ್ಟಿಗೆಯಂಥ ಮೈಯವನು. ಹೊಸ ಮಾರ್ವಿನ್ನನ ತಲೆ ದೊಡ್ಡ ಗುಂಡು. ಒಳಗೆ ನಡೆದಾಡಿದ್ದು ವಾರ್ವಿಕ್ ಡೇವಿಸ್, ನರಳಿದ್ದು ಆಲನ್ ರಿಕ್‌ಮನ್. ವೋಗನ್ನರ ಕಚೇರಿಯ ಸಾಲಿನಲ್ಲಿ ಹಳೆಯ ಮಾರ್ವಿನ್ ಸುಮ್ಮನೆ ನಿಂತಿರುವುದು ಕಂಡಾಗ ಇವರಿಗೆ ರೋಮಾಂಚ. ಹಳೆಯ ಆರ್ಥರ್ ಸೈಮನ್ ಜೋನ್ಸ್ ಒಂದು ಕ್ಷಣ ಬಂದು ಹೋದಾಗ ಪ್ರಸಾದ ಸಿಕ್ಕಷ್ಟು ಸಮಾಧಾನ.

ನಾಲ್ಕನೆಯವರು ಕಂಪ್ಯೂಟರ್ ಆಟದ ತಾಂತ್ರಿಕರು. ಐದನೆಯವರು ಸಿನಿಮಾವನ್ನೇ ಮೊದಲು ನೋಡಿ ಮೆಚ್ಚಿದ ಅದೀಕ್ಷಿತರು. ಆರನೆಯವರು... ಸಾಕು ಬಿಡಿ. ಬರೆಯುವವನಿಗೇ ಆಕಳಿಕೆ ಬರುತ್ತಿದೆ.

ಮೂಲನಿಷ್ಠೆಯ ಸಮಸ್ಯೆಗೆ ಬರೋಣ. ಯಾವ ಮೂಲ? ಮೊದಲ ರೇಡಿಯೊ ಸರಣಿಯ ಕೊನೆಯಲ್ಲಿ ಬರುತ್ತಿದ್ದ ಹ್ಯಾಗುನೆನಾನ್ ಎಂಬ ರೂಪ ಬದಲಿಸುವ ಜೀವಿಗಳು ಪುಸ್ತಕದಲ್ಲಿ ಇಲ್ಲ. ಅಲ್ಲಿ ಬೇರೆಯದೇ ಕಥೆ. ಮಾಧ್ಯಮ ಬದಲಾದಾಗಲೆಲ್ಲ ಆಡಮ್ಸ್ ಕಥೆಯನ್ನೂ ಬದಲಿಸಿದ. ಸಿನಿಮಾದಲ್ಲಿ ಜಾನ್ ಮಾಲ್ಕೊವಿಚ್ ಆಡಿದ ಹುಮ್ಮ ಕವುಲ ಎಂಬ ಧರ್ಮಗುರು, ಗುಂಡು ತಗುಲಿದವನಿಗೆ ಹೊಡೆದವನ ಮನಸ್ಸು ಅರ್ಥವಾಗುವ ಬಂದೂಕು, ಇವನ್ನು ಚಿತ್ರ ಹೊರತಂದ ಕಂಪನಿಯ ಹೆಸರಿಟ್ಟು ‘ಡಿಸ್ನಿಯ ಪ್ರಕ್ಷಿಪ್ತ’ ಎಂದು ಬೈದವರಿದ್ದರು. ಎರಡನ್ನೂ ಚಿತ್ರಕಥೆಗೆಂದೇ ಬರೆದವನು ಆಡಮ್ಸ್. ಕವಿಯ ಕೈಬರಹವನ್ನೇ ಪ್ರಕ್ಷಿಪ್ತವೆಂದು ಸಾಧಿಸಬಲ್ಲ ಪಾಂಡಿತ್ಯ ನಮ್ಮ ಗ್ರಂಥಸಂಪಾದಕರಿಗೂ ದಕ್ಕಿಲ್ಲ.

ಇನ್ನು ಫೋರ್ಡ್ ಪ್ರಿಫೆಕ್ಟ್. ಬೀಟಲ್‌ಜೂಸ್, ಅಂದರೆ ನಮ್ಮ ಆರ್ದ್ರಾ ನಕ್ಷತ್ರದ ಕಡೆಯಿಂದ ಭೂಮಿಗೆ ಬಂದವನು. ಆ ಪಾತ್ರವನ್ನು ಮಾಸ್ ಡೆಫ್ ಎಂಬ ಅಮೆರಿಕದ ಕರಿಯ ರ್‍ಯಾಪ್ ಗಾಯಕ ಮಾಡಬಾರದಿತ್ತು ಎಂದು ಗೊಣಗಿದವರೂ ಮೂಲನಿಷ್ಠೆಯ ಹೆಸರನ್ನೇ ಹೇಳಿದರು. ಆರ್ದ್ರಾ ನಕ್ಷತ್ರದವರ ಚರ್ಮದ ಬಣ್ಣ ಇವರಿಗೆ ಹೇಳಿದವರು ಯಾರು? ಇದಕ್ಕೂ ‘ವರ್ಣಾತ್ಮಕ ಪ್ರತಿರೋಧ’ ಎಂದೇನೋ ಹೆಸರಿಡಲು ಪೆನ್ನು ಎತ್ತಿದ್ದೆ. ಬೇಡ. ಊರಿನಲ್ಲಿ ಇದಕ್ಕೆ ಇರುವ ಹೆಸರು ಎಲ್ಲರಿಗೂ ಗೊತ್ತು.

ಆದರೆ ಸ್ಮಾರ್ತರನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಆಡಮ್ಸ್‌ನ ಜೀವನಚರಿತ್ರೆ ಬರೆದಿದ್ದ ಎಂ.ಜೆ. ಸಿಂಪ್ಸನ್ ಚಿತ್ರ ತೆರೆ ಕಾಣುವ ಮುಂಚೆಯೇ ಉದ್ದಾನುದ್ದ ವಿಮರ್ಶೆ ಬರೆದು, ಬಿಟ್ಟುಹೋದ ನಗೆಮಾತುಗಳನ್ನೆಲ್ಲ ಕಳವಾದ ಮಾಲಿನ ಮಹಜರಿನಂತೆ ಪಟ್ಟಿ ಮಾಡಿದರು. ಪಂಡಿತರ ಹಟ ಎನಿಸುತ್ತದೆ. ಆದರೆ ಬುಲ್ಡೋಜರಿನ ದೃಶ್ಯವನ್ನೇ ನೋಡಿ. ‘ನಕ್ಷೆ ಸಾರ್ವಜನಿಕರ ಅವಗಾಹನೆಗೆ ಇತ್ತಲ್ಲ’ ಎನ್ನುತ್ತಾನೆ ಅಧಿಕಾರಿ. ಪುಸ್ತಕದಲ್ಲಿ ಆ ನಕ್ಷೆ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ದೀಪವಿಲ್ಲ, ಇಳಿಯಲು ಮೆಟ್ಟಿಲಿಲ್ಲ, ಬೀಗ ಹಾಕಿದ ಬೀರು, ಬೀರು ಇರುವುದು ಹಾಳುಬಿದ್ದ ಪಾಯಖಾನೆಯೊಳಗೆ, ಅದರ ಬಾಗಿಲಿಗೆ ಚಿರತೆಯಿದೆ ಎಂಬ ಎಚ್ಚರಿಕೆಯ ಫಲಕ. ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಯಾರಿಗೂ ಈ ಚಿರತೆಯ ಪರಿಚಯ ಮಾಡಿಕೊಡಬೇಕಿಲ್ಲ. ಸಿನಿಮಾದಲ್ಲಿ ನೆಲಮಾಳಿಗೆಯವರೆಗೆ ಬರುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ಚಿರತೆ ಇಲ್ಲ. ಚಿರತೆಗಾಗಿಯೇ ಅಲ್ಲವೇ ಅಷ್ಟು ಮೆಟ್ಟಿಲಿಲ್ಲದ ದಾರಿ ಇಳಿದದ್ದು? ಒಂದು ಮಾತು ಉಳಿಸಿ ಗಳಿಸಿದ ಸಮಯದಲ್ಲಿ ಇನ್ನೊಂದು ಓಟ, ಇನ್ನೊಂದು ಸ್ಫೋಟ, ಆರ್ಥರನಿಗೊಂದು ಪ್ರೇಮಪ್ರಕರಣ. ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತಿರುತ್ತದೆ. ಜನ ರಾತ್ರಿಯಿಡೀ ಕೂರುವುದು ಅರ್ಥ ಕೇಳಲಿಕ್ಕೆ. ಇವರು ಪ್ರಸಂಗವನ್ನು ಪದ ಬಿಡದೆ ಹಾಡಿಸಿ ಅರ್ಥಧಾರಿಯನ್ನು ಮನೆಗೆ ಕಳಿಸಿದರು. ಆಡಮ್ಸ್‌ನಲ್ಲಿ ಕಥೆ ಬರೀ ನೆವ. ಅಲ್ಲಿ ಇರುವುದೆಲ್ಲ ವಾಕ್ಯ. ಮುಗಿಯಿತು ಎಂದುಕೊಂಡಾಗ ಇನ್ನೊಂದು ಹೆಜ್ಜೆ ಇಟ್ಟು ನಮ್ಮ ಕಾಲು ಜಾರಿಸುವ ವಾಕ್ಯ. ಅದರ ಬಾಲ ಕತ್ತರಿಸಿದ ಮೇಲೆ ಐದು ಕೋಟಿ ಡಾಲರಿನ ಆಸುಪಾಸು ಸುರಿದರೂ ಅದು ಮತ್ತೆ ಚಿಗುರುವುದಿಲ್ಲ.

ಆಡಮ್ಸ್ 1980ರ ದಶಕದ ಮೊದಲಿಂದಲೂ ಈ ಸಿನಿಮಾಕ್ಕಾಗಿ ಹಾಲಿವುಡ್ಡಿನ ಬಾಗಿಲು ಕಾದ. ಕೊನೆಗೆ ಮನೆಯನ್ನೇ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿದ. 2001ರ ಮೇ 11ರಂದು ಅಲ್ಲೇ ಹೃದಯಾಘಾತದಿಂದ ಸತ್ತ. ವಯಸ್ಸು 49. ಎರಡು ವಾರಕ್ಕೆ, ಮೇ 25ರಂದು, ಓದುಗರು ಅವನ ನೆನಪಿಗೆ, ಅವನ ಗೈಡ್ ಹೊಗಳಿದ ಟವೆಲ್ಲನ್ನೇ ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು. ಈಗಲೂ ಪ್ರತಿ ವರ್ಷ ಹಾಕಿಕೊಳ್ಳುತ್ತಾರೆ. ಅವನು ಬದುಕಿದ್ದಿದ್ದರೆ ಕೊನೆಯ ಗಳಿಗೆಯಲ್ಲಿ ಕಥೆಯನ್ನು ಮತ್ತೊಮ್ಮೆ ಬುಡಮೇಲು ಮಾಡುತ್ತಿದ್ದ. ಶ್ರೌತ, ಸ್ಮಾರ್ತ, ದಾರ್ಶನಿಕರೆಲ್ಲ ಬೈದುಕೊಂಡೇ ಒಪ್ಪುತ್ತಿದ್ದರು, ಏಕೆಂದರೆ ಕೆಡಿಸುವ ಹಕ್ಕು ಅವನಿಗಿತ್ತು. ನಾಲ್ಕು ವರ್ಷದ ಮೇಲೆ ಬಂದ ಸಿನಿಮಾಕ್ಕೆ ಆ ಹಕ್ಕು ಇರಲಿಲ್ಲ. ಜನ ಎಣಿಸಿದ್ದು ತಪ್ಪಿಹೋದ ಮಾತುಗಳನ್ನು. ತಪ್ಪಿಹೋದದ್ದು ಆ ಮನುಷ್ಯ. ನಿರ್ದೇಶಕ ಗಾರ್ತ್ ಜೆನ್ನಿಂಗ್ಸ್‌ಗೂ ಇದು ಗೊತ್ತಿತ್ತೆಂದು ಕಾಣುತ್ತದೆ: ಕೊನೆಯಲ್ಲಿ ಅಂತರಿಕ್ಷ ನೌಕೆ ಏನೇನೋ ಆಕಾರ ತಾಳುತ್ತಾ ಒಂದು ಚಣ ಆಡಮ್ಸ್‌ನ ಮುಖವಾಗುತ್ತದೆ. ಅಲ್ಲಿ ಯಾವ ವರ್ಗದವರೂ ಪಾಠಾಂತರ ಹುಡುಕಲಾರರು.

ಅಧ್ಯಯನದ ಮಿತಿಗಳು: ಹುಮ್ಮ ಕವುಲ ಝೇಫಾಡ್‌ನ ಎರಡನೆಯ ತಲೆಯನ್ನು ಒತ್ತೆ ಇಟ್ಟುಕೊಂಡು, ಬಂದೂಕು ತಂದುಕೊಟ್ಟರೆ ಬಿಡುವೆ ಎನ್ನುತ್ತಾನೆ. ಬಂದೂಕು ಸಿಗುತ್ತದೆ, ಚಿತ್ರ ಮುಗಿಯುತ್ತದೆ, ತಲೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಮುಂದಿನ ಭಾಗವೂ ಬರಲಿಲ್ಲ. ಆಸಕ್ತ ಸಂಶೋಧಕರು ಮಾರ್ಗದರ್ಶಕರ ಒಪ್ಪಿಗೆ ಪಡೆದು ಆ ತಲೆಯನ್ನು ಪಿಎಚ್.ಡಿ.ಗೆ ಎತ್ತಿಕೊಳ್ಳಬಹುದು. ನೋಂದಣಿ ಶುಲ್ಕ ಪ್ರತ್ಯೇಕ.