ಉಣುಗು ಕೊಟ್ಟ ಪಥ್ಯ

ಮೀನು ತಿನ್ನಬಹುದು, ಕೋಳಿ ತಿನ್ನಬಹುದು, ಬೇಕಿದ್ದರೆ ಆಸ್ಟ್ರಿಚ್ಚನ್ನೂ ತಿನ್ನಬಹುದು. ಹಾಲು-ಮೊಸರು-ತುಪ್ಪದ ಹತ್ತಿರ ಮಾತ್ರ ಸುಳಿಯಬೇಡಿ ಅಂದರು ನಾರ್ತ್ ಕ್ಯಾರೊಲೈನಾದ ಅಲರ್ಜಿ ಡಾಕ್ಟರು. ಸಾಗರದ ಹವ್ಯಕರ ಮನೆಯಲ್ಲಿ ಹುಟ್ಟಿ, ಮೊಟ್ಟೆಯನ್ನೂ ಮುಟ್ಟದೆ ಬೆಳೆದವನಿಗೆ ಎಂಥ ಪಥ್ಯ ನೋಡಿ!

ಕಾಯಿಲೆಯ ಹೆಸರು ಆಲ್ಫಾ-ಗ್ಯಾಲ್ ಸಿಂಡ್ರೋಮ್. ಆಲ್ಫಾ-ಗ್ಯಾಲ್ ಅಂದರೆ ದನ, ಹಂದಿ, ಕುರಿ ಮುಂತಾದ ಬಹುತೇಕ ಸಸ್ತನಿಗಳ ಮೈಯಲ್ಲಿರುವ ಒಂದು ಬಗೆಯ ಸಕ್ಕರೆ. ಲೋನ್ ಸ್ಟಾರ್ ಎಂಬ ಉಣುಗು ಕಚ್ಚಿದರೆ ಕೆಲವರ ದೇಹ ಆ ಸಕ್ಕರೆಯ ಮೇಲೆ ಹಗೆ ಕಟ್ಟಿಕೊಳ್ಳುತ್ತದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಕಥೆ ಕೇಳುತ್ತ, ಊರಿನ ಉಣುಗುಗಳಿಂದ ಪಾರಾಗಿ ಬಂದವನು ಇಲ್ಲಿ ಹಿತ್ತಲಲ್ಲಿ ಪುದೀನ ಕೀಳುವಾಗ ಸಿಕ್ಕಿಬಿದ್ದೆ. ಈ ಕಾಯಿಲೆಯ ಎಷ್ಟೋ ಜನರಿಗೆ ಹಾಲು ಒಗ್ಗುತ್ತದಂತೆ. ಆ ಪುಣ್ಯವಂತರ ಸಾಲಿನಲ್ಲಿ ನಾನಿಲ್ಲ.

ತಿಂದ ಕೂಡಲೇ ಏನೂ ಆಗುವುದಿಲ್ಲ. 2ರಿಂದ 6 ಗಂಟೆ ಕಳೆದು, ನಡುರಾತ್ರಿ ಮೈತುಂಬ ದದ್ದು. ಐಸ್‌ಕ್ರೀಮು ಸಂಜೆಯೇ ಜಾಗ ಖಾಲಿ ಮಾಡಿರುತ್ತದೆ. ಅಪವಾದ ಹೊರುವುದು ರಾತ್ರಿಯ ಬಡಪಾಯಿ ತಿಳಿಸಾರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಈ ಗುಟ್ಟು ಬಿಡಿಸಿದ ಡಾ. ಥಾಮಸ್ ಪ್ಲಾಟ್ಸ್-ಮಿಲ್ಸ್ ಅವರಿಗೂ ಉಣುಗು ಕಚ್ಚಿ ಇದೇ ಅಲರ್ಜಿ ಹತ್ತಿತೆಂದು ಓದಿದ ಮೇಲೆ ನನಗೆ ಕೊಂಚ ಸಮಾಧಾನವಾಯಿತು. ಸಂಕಟದಲ್ಲಿ ಜೊತೆಗಾರರು ವಿದ್ವಾಂಸರಾದರೆ ಒಳ್ಳೆಯದೇ.

ಈಗ ಅಂಗಡಿಗೆ ಹೋದರೆ ಡಬ್ಬಿಗಳ ಬೆನ್ನನ್ನು ಪಾರಾಯಣ ಮಾಡುತ್ತೇನೆ. ಇಲ್ಲಿನ ಕಾನೂನಿನಂತೆ ಹೆಸರು ಬರೆಯಲೇಬೇಕಾದ ಅಲರ್ಜಿ ಪದಾರ್ಥಗಳು 9. ಅದರಲ್ಲಿ ಹಾಲಿದೆ, 2023ರಿಂದ ಎಳ್ಳೂ ಇದೆ, ದನ, ಹಂದಿಗಳಿಲ್ಲ. ಹಾಗಾಗಿ ಮೊಸರು ಗಟ್ಟಿಯಾಗಲು ಹಾಕಿದ ಜೆಲಟಿನ್ ಯಾರ ಮೂಳೆಯದೆಂದು ಡಬ್ಬಿ ಬಾಯಿಬಿಡುವುದಿಲ್ಲ. ಚೀಸಿನ ಮೇಲೆ ‘ಎಂಜೈಮ್ಸ್’ ಅಂತಷ್ಟೇ ಇರುತ್ತದೆ. ಕರುವಿನ ಹೊಟ್ಟೆಯಿಂದ ಬಂದದ್ದೋ ಬೂಷ್ಟಿನಿಂದ ಬಂದದ್ದೋ ಆ ಚೀಸಿಗೇ ಗೊತ್ತು. ನಮ್ಮೂರಿನ ಪೊಟ್ಟಣದ ಹಸಿರು ಚುಕ್ಕಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಆದರೆ ನನ್ನ ಪಾಲಿಗೆ ಅದೂ ಕೆಲಸಕ್ಕೆ ಬಾರದು: ಪೇಡೆಯ ಪೊಟ್ಟಣಕ್ಕೂ ಹಸಿರೇ! ಲ್ಯಾಕ್ಟೋಸ್ ಇಲ್ಲದ ಹಾಲೂ ಪ್ರಯೋಜನವಿಲ್ಲ, ಆ ಸಕ್ಕರೆಯೇ ಬೇರೆ. ಎಲ್ಲಕ್ಕಿಂತ ಘಾಟಿ ಆಸಾಮಿ ಕಾಫಿಗೆ ಹಾಕುವ ‘ನಾನ್-ಡೇರಿ’ ಕ್ರೀಮರ್ ಪುಡಿ. ಎದುರಿಗೆ ಹಾಲಿಲ್ಲವೆಂದು ದೊಡ್ಡಕ್ಷರ, ಹಿಂದೆ ಇರುವೆಗಾತ್ರದಲ್ಲಿ ಸೋಡಿಯಂ ಕೇಸಿನೇಟ್, ಅಂದರೆ ಹಾಲಿನದೇ ಪ್ರೋಟೀನು.

ಕೊನೆಗೆ ಉಳಿದದ್ದು ತೆಂಗಿನಹಾಲಿನ ಮೊಸರು. ಹೆಂಡತಿ ಸಾಸಿವೆ, ಇಂಗು, ಶುಂಠಿ ಎಲ್ಲ ಹಾಕಿ ಒಗ್ಗರಣೆ ಕೊಟ್ಟಳು. ಅದನ್ನು ಮೊಸರನ್ನವೆಂದು ನಂಬಿಸಲು ಇಂಗಿನಿಂದಲೂ ಆಗಲಿಲ್ಲ.

ವಿಷಯ ತಿಳಿದು ಊರಿನಿಂದ ಅಮ್ಮ ಫೋನು ಮಾಡಿದಳು. “ದನದ್ದು ಆಗದಿದ್ರೆ ಎಮ್ಮೆ ಹಾಲು?”

“ಅದೂ ಆಗಲ್ಲಮ್ಮ.”

“ಆಡಿಂದು? ಗಾಂಧೀಜಿನೇ ಕುಡೀತಿದ್ರಲ್ಲ!”

ಸಸ್ತನಿಗಳಲ್ಲಿ ಈ ಸಕ್ಕರೆ ಇಲ್ಲದಿರುವುದು ಮನುಷ್ಯರು, ಚಿಂಪಾಂಜಿಯಂಥ ವಾನರರು ಮತ್ತು ನಮ್ಮ ಕಡೆಯ ಮಂಗಗಳಲ್ಲಿ ಮಾತ್ರ ಎಂದು ವಿವರಿಸಿದೆ.

“ಹಾಗಾದ್ರೆ ಚಿಂತೆ ಎಂಥದು ಮಾರಾಯ! ನಮ್ಮ ಅಡಿಕೆ ತೋಟದಲ್ಲಿ ಹಿಂಡುಹಿಂಡು ಇದಾವೆ. ರಜೆ ಹಾಕಿ ಬಾ. ಚೊಂಬು ನಾನು ಕೊಡ್ತೇನೆ, ಹಿಡಿದು ಕರೆಯೋದು ಮಾತ್ರ ನಿನ್ನ ಕೆಲಸ.”