ದೂರದ ಬೇಟೆ: ಬಳಕೆದಾರರ ಕೈಪಿಡಿ

ಡೆನ್ವರಿನ ಕಚೇರಿಯಲ್ಲಿ ಕೂತು ಕೋಡ್ ಬರೆಯುತ್ತ, ಸಹೋದ್ಯೋಗಿ "ಅಕ್ಟೋಬರಿಗೆ ಎಲ್ಕ್ ಬೇಟೆಗೆ ಬರ್ತೀಯಾ?" ಎಂದ ಕೂಡಲೇ ಹೂಂ ಅಂದುಬಿಟ್ಟ ಕನ್ನಡಿಗರಿಗಾಗಿ ಈ ಕೈಪಿಡಿ. ಎಲ್ಕ್ ಎಂದರೆ ನಮ್ಮ ಕಡವೆಯ ದಾಯಾದಿ. ಬಲಿತ ಗಂಡು 300 ಕಿಲೋ ಆಸುಪಾಸು ತೂಗುತ್ತದೆ. ಊರಿನ ಮಾವನವರಿಗೆ ಫೋನಿನಲ್ಲಿ ಈ ವಿಷಯ ಹೇಳಬೇಕಿಲ್ಲ. ಅವರಿರುವುದು 1972ರ ವನ್ಯಜೀವಿ ಕಾಯ್ದೆಯ ನಾಡಿನಲ್ಲಿ.

ಬಳಸುವ ಮುನ್ನ

ಎಚ್-1ಬಿ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅಮೆರಿಕದ ಕೇಂದ್ರ ಕಾನೂನು. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಇಟ್ಟುಕೊಳ್ಳಬಹುದು ಎಂದೂ ಅದೇ ಕಾನೂನು ಹೇಳುತ್ತದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ತಲೆ ನರೆಸಿಕೊಂಡವರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳಲಿ. ಡೆನ್ವರ್ ಇರುವ ಕೊಲೊರಾಡೊ ರಾಜ್ಯದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಲೈಸೆನ್ಸಿಗೆ ಮೊದಲು ಬೇಟೆ ಶಿಕ್ಷಣದಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಬರೆಯುವುದು ನಿಮಗೇನು ಹೊಸದೇ?

ಕೋವಿ

ಅಂಗಡಿಯವನು 6.5 ಕ್ರೀಡ್‌ಮೂರ್ ಎನ್ನುತ್ತಾನೆ. ಹಾರ್ನಡಿ ಕಂಪನಿ 2007ರಲ್ಲಿ ಹೊರತಂದ ತೋಟಾ ಅದು. ಒದೆತ ಕಡಿಮೆ, ಗಾಳಿಗೆ ಅಷ್ಟಾಗಿ ಬಗ್ಗುವುದಿಲ್ಲ, ಹೊಸಬರಿಗೆ ಒಳ್ಳೆಯದೇ. ಹೆಸರು ಬಂದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದ್ದ ಗುಂಡಿನಭ್ಯಾಸದ ಮೈದಾನದಿಂದ. 1874ರಲ್ಲಿ ಅಲ್ಲಿ ಐರಿಷರಿಗೂ ಅಮೆರಿಕನ್ನರಿಗೂ 800, 900, 1000 ಗಜಗಳ ಪಂದ್ಯ ನಡೆಯಿತು. ಐರಿಷರ ಕೈಯಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿ, ಅಮೆರಿಕನ್ನರ ಕೈಯಲ್ಲಿ ಹೊಚ್ಚಹೊಸ ರೆಮಿಂಗ್ಟನ್, ಶಾರ್ಪ್ಸ್. ಅಮೆರಿಕ 934–931ರಿಂದ ಗೆದ್ದಿತು. ಹೊಸ ಕೋವಿಯ ಮಹಿಮೆ ಅಂದುಕೊಂಡಿರಾ? ಐರಿಷರಲ್ಲೊಬ್ಬ ಗುರಿಯ ನಟ್ಟನಡುವಿಗೇ ಹೊಡೆದಿದ್ದ, ಪಕ್ಕದ ಗುರಿಗೆ! ಆ ಒಂದು ಹೊಡೆತ ಸರಿಯಾದ ಹಲಗೆಗೆ ಬಿದ್ದಿದ್ದರೆ ಗೆಲುವು ಅವರದು. ಬೆಲೆಪಟ್ಟಿ ನೋಡುವಾಗ ಈ ಮನುಷ್ಯನನ್ನು ನೆನೆಯಿರಿ.

ಸ್ಕೋಪ್

ಕೋವಿಗಿಂತ ಇದಕ್ಕೇ ಹೆಚ್ಚು ತೆರಬೇಕು ಎನ್ನುತ್ತಾನೆ ಅಂಗಡಿಯವನು. ತಾಳಿಗಿಂತ ಓಲಗಕ್ಕೆ ಖರ್ಚು ಹೆಚ್ಚಾದ ಮದುವೆಗಳನ್ನು ನೋಡಿದವರಿಗೆ ಅಚ್ಚರಿಯಾಗದು. ಆದರೂ ಅವನ ಮಾತಿನಲ್ಲಿ ಹುರುಳಿದೆ. 100 ಗಜಕ್ಕೆ ಹೊಂದಿಸಿದ ಕೋವಿಯ ಗುಂಡು 500 ಗಜ ತಲುಪುವಷ್ಟರಲ್ಲಿ ನಾಲ್ಕಡಿಯಷ್ಟು ಕೆಳಗಿಳಿದಿರುತ್ತದೆ. ಆ ನಾಲ್ಕಡಿಯನ್ನು ಸ್ಕೋಪಿನ ಬಿರಡೆ ತಿರುಗಿಸಿ ಸರಿಪಡಿಸಬಹುದು. ದೂರ ಅಳೆಯಲು ಲೇಸರ್ ಯಂತ್ರವಿದೆ, ಲೆಕ್ಕ ಹಾಕಲು ಫೋನಿದೆ. ಬಿಡುವಿನಲ್ಲಿ ಎಕ್ಸೆಲ್ ಹಾಳೆ ಮಾಡಿಕೊಂಡರೆ ಮನಸ್ಸಿಗೂ ನೆಮ್ಮದಿ.

ಗಾಳಿ ಮಾತ್ರ ಹಾಳೆಗೆ ಇಳಿಯುವುದಿಲ್ಲ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದೇ 500 ಗಜದಲ್ಲಿ ಗುಂಡನ್ನು ಒಂದಡಿ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ಎಲ್ಕಿನ ಹೃದಯ, ಶ್ವಾಸಕೋಶಗಳಿರುವ ಜಾಗ ಒಂದೂಕಾಲು ಅಡಿ ಅಗಲವಿದ್ದರೆ ಹೆಚ್ಚು. ನಡುವಿನಿಂದ ಮುಕ್ಕಾಲು ಅಡಿ ಸರಿದರೂ ಗುಂಡು ಹೊಟ್ಟೆಗೆ ಬೀಳಬಹುದು. ಗಾಳಿಮಾಪಕ ಕೊಳ್ಳಿ, ಬೇಡವೆನ್ನಲಾರೆ. ಅದು ನೀವು ನಿಂತ ಕಡೆಯ ಗಾಳಿಯನ್ನು ಚಾಚೂ ತಪ್ಪದೆ ಹೇಳುತ್ತದೆ. ನಡುವಿನ ಕಣಿವೆಯಲ್ಲಿ ಬೀಸುವುದು ಬೇರೆಯೇ ಗಾಳಿ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಮಾತ್ರ ಇಲ್ಲಿ ಸಲ್ಲದು. ನೆಲ ನಿಜವಾಗಿಯೂ ಡೊಂಕೇ.

ಉಡುಪು

ಎಲೆ, ತೊಗಟೆಗಳ ಚಿತ್ತಾರವಿರುವ, ಕಾಡಿನಲ್ಲಿ ಕಾಣದಂತಾಗಿಸುವ ದುಬಾರಿ ಅಂಗಿ ಕೊಳ್ಳಿ. ಅದರ ಮೇಲೆ, ಕಾನೂನಿನ ಪ್ರಕಾರ, ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕನಿಷ್ಠ 500 ಚದರ ಇಂಚು ಹಾಕಿಕೊಳ್ಳಿ. ತಲೆಗೂ ಅದೇ ಬಣ್ಣದ ಟೋಪಿ. ಎಲ್ಕಿನ ಕಣ್ಣಿಗೆ ಕಿತ್ತಳೆ ಎದ್ದು ಕಾಣುವುದಿಲ್ಲ. ಅದು ಇರುವುದು ಬೇರೆ ಬೇಟೆಗಾರರು ನಿಮ್ಮನ್ನು ಎಲ್ಕ್ ಎಂದುಕೊಳ್ಳದಿರಲಿ ಎಂದು.

ದೋಷ ಮತ್ತು ಪರಿಹಾರ

ದೋಷ: ಎಲ್ಕ್ 500 ಗಜ ದೂರದಲ್ಲಿದೆ. ಪರಿಹಾರ: 200 ಗಜಕ್ಕೆ ನಡೆದು ಹೋಗಿ. ಅಂಗಡಿಯಲ್ಲಿ ಈ ಉಪಾಯ ಯಾರೂ ಹೇಳರು, ಕಾಲುಗಳನ್ನು ಅವರು ಮಾರುವುದಿಲ್ಲವಲ್ಲ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ನಿಲುವೂ ಇದೇ ಜಾಡಿನದು: ಅಪಾಯವನ್ನು ಮೂಗು, ಕಿವಿ, ಕಣ್ಣುಗಳಿಂದ ಅರಿಯುವ ಅವಕಾಶವೇ ಮೃಗಕ್ಕಿಲ್ಲದಷ್ಟು ದೂರದಿಂದ ಹೊಡೆಯುವುದು ನ್ಯಾಯದ ಬೇಟೆಯಲ್ಲ. ಬೇಟೆಗಾರರ ಸಂಘವೇ ಆಡಿದ ಮಾತಿದು, ಸಸ್ಯಾಹಾರಿಗಳ ಸಭೆಯದ್ದಲ್ಲ.

ಇನ್ನೊಂದು ದೋಷ: ಗುಂಡು ತಗುಲಿತು. ಈಗ ನಿಮ್ಮ ಮುಂದಿರುವುದು, ಎಲುಬು ಬಿಡಿಸಿದ ಮೇಲೂ, 90 ಕಿಲೋ ಆಸುಪಾಸು ಮಾಂಸ. ತಿನ್ನಬಹುದಾದದ್ದನ್ನು ಕೊಳೆಯಲು ಬಿಟ್ಟು ಬರುವುದು ಕೊಲೊರಾಡೊದಲ್ಲಿ ಅಪರಾಧ. ಟ್ರಕ್ ನಿಂತಿರುವುದು ಗುಡ್ಡದಾಚೆ, ನೀವಿರುವುದು ಉಸಿರು ಸಾಲದ 3000 ಮೀಟರ್ ಎತ್ತರದಲ್ಲಿ, ಹೊರೆ ನಾಲ್ಕು ಸಲದ್ದು.

ಆದ್ದರಿಂದ ಗಟ್ಟಿ ಬೆನ್ನಚೀಲವನ್ನೇ ಮೊದಲು ಕೊಳ್ಳಿ. ಇಂಡಿಯನ್ ಅಂಗಡಿಯ 20 ಪೌಂಡಿನ ಸೋನಾಮಸೂರಿ ಮೂಟೆ ಮೂರನ್ನು ಅದರಲ್ಲಿ ತುಂಬಿ, ಒಂದು ಭಾನುವಾರ ಗುಡ್ಡ ಹತ್ತಿಳಿದು ಬನ್ನಿ. ಸ್ಕೋಪಿನ ಮಾತು ಆಮೇಲೆ ಆಡೋಣ.